ಮಿಸುಜಿ ತಿನ್ನಲು ಹೋಗುವ ಮುಂಚೆ: ಮಂಗಳೂರಿನ ಗೆಳೆಯರ ಪ್ರಶ್ನೆಗೆ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆ ನೋಡಿದೆ. ಮುಂದಿನ ತಿಂಗಳು ಟೋಕಿಯೋಗೆ ಬರುತ್ತಿದ್ದೀರಿ, ಆಫೀಸಿನವರು ಮಿಸುಜಿ ಅನ್ನುವ ದನದ ಮಾಂಸಕ್ಕೆ ಹೆಸರಾದ ಯಾಕಿನಿಕು ಅಂಗಡಿಗೆ, ಅಂದರೆ ಮೇಜಿನಲ್ಲೇ ಕೆಂಡದ ಮೇಲೆ ಮಾಂಸ ಸುಟ್ಟು ತಿನ್ನುವ ಕಡೆಗೆ ಕರೆದಿದ್ದಾರೆ. ಏನು ಆರ್ಡರ್ ಮಾಡಬೇಕು, ಎಷ್ಟು ಬೇಯಿಸಬೇಕು, ಜೊತೆಗಿರುವ ಸಸ್ಯಾಹಾರಿ ಗೆಳೆಯರು ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಕೆಂಡದ ಮುಂದೆ ಕೂತು ಊಟ ಮಾಡುವುದು ನನಗೆ ತುಂಬಾ ಇಷ್ಟ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮಿಸುಜಿ ಅಂದರೆ ದನದ ಹೆಗಲ ಮೂಳೆಗೆ ಅಂಟಿಕೊಂಡಿರುವ ಮಾಂಸ. ಜಪಾನಿನ ಕಪ್ಪು ತಳಿಯ ದನವನ್ನು ಸುಮಾರು ಎರಡೂವರೆ ವರ್ಷ ಸಾಕುತ್ತಾರೆ, 700 ಕಿಲೋ ದಾಟುತ್ತದೆ. ಅಷ್ಟು ದೊಡ್ಡ ಪ್ರಾಣಿಯಲ್ಲಿ ಈ ಭಾಗ ಸಿಗುವುದು ಕೆಲವೇ ಕಿಲೋ. ತೆಳ್ಳಗೆ ಕೊಯ್ದ ತುಂಡನ್ನು ನೋಡಿ. ನಡುವೆ ಒಂದು ನಾರಿನ ಗೆರೆ, ಅದರಿಂದ ಎರಡೂ ಕಡೆ ಬಿಳಿ ಕೊಬ್ಬಿನ ಎಳೆಗಳು. ಥೇಟ್ ಎಲೆಯ ನರಗಳ ಹಾಗೆ. ಆ ನಾರು ನೋಡಿ ಗಟ್ಟಿ ಇರಬಹುದು ಅಂದುಕೊಳ್ಳಬೇಡಿ. ತೆಳು ತುಂಡಿನಲ್ಲಿ ಬಿಸಿ ತಾಗಿದ ಕೂಡಲೇ ಅದು ಮೆತ್ತಗಾಗಿ ಸ್ವಲ್ಪ ಅಂಟಂಟಾಗುತ್ತದೆ. ನನಗೆ ಮಿಸುಜಿಯ ರುಚಿ ಇರುವುದೇ ಅಲ್ಲಿ. ಬೆನ್ನಿನ ಮಾಂಸವಾದ ಸಿರ್ಲಾಯಿನ್‌ನಷ್ಟು ಜಿಡ್ಡಿಲ್ಲ, ಮಾಂಸದ ರುಚಿ ಜಾಸ್ತಿ.

ಈಗ ಮುಖ್ಯ ವಿಷಯ. ನಿಮ್ಮ ಕಡೆ ಬೀಫ್ ಸುಕ್ಕಾ ಮಾಡುವಾಗ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಮಸಾಲೆ ಹಿಡಿಯುವ ತನಕ ಹುರಿಯುತ್ತಾರೆ ಅಲ್ವಾ? ಅಲ್ಲಿ ಎಷ್ಟು ಹೊತ್ತು ಬೆಂದರೆ ಅಷ್ಟು ರುಚಿ. ಇಲ್ಲಿ ಅದು ನಡೆಯುವುದಿಲ್ಲ. ಕಳೆದ ವರ್ಷ ನನ್ನ ತಮ್ಮ ಬಂದಿದ್ದಾಗ, ಮೊದಲ ತಟ್ಟೆಯ ಮಿಸುಜಿಯನ್ನು ಪೂರ್ತಿ ಒಟ್ಟಿಗೆ ಜಾಲರಿ ಮೇಲೆ ಹರಡಿದ. ಎರಡು ನಿಮಿಷದಲ್ಲಿ ಕೊಬ್ಬೆಲ್ಲ ಕೆಂಡಕ್ಕೆ ಇಳಿದು, ತುಂಡುಗಳು ಮುದುಡಿ ಒಣಗಿ ಹೋದವು. ನನಗೆ ನಿಜಕ್ಕೂ ಬೇಜಾರಾಯ್ತು. ಎರಡನೇ ತಟ್ಟೆ ಬಂದಾಗ ಒಂದೊಂದೇ ತುಂಡು ಹಾಕಿಸಿದೆ. ಬಾಯಿಗಿಟ್ಟವನು ಮಾತೇ ಆಡಲಿಲ್ಲ, ಇನ್ನೊಂದು ತುಂಡು ಹಾಕಿದ.

ಹಾಗಾಗಿ ಒಬ್ಬರಿಗೆ ಒಂದು ತುಂಡು, ಒಂದು ಸಲಕ್ಕೆ ಅಷ್ಟೇ. ಜಾಲರಿ ಚೆನ್ನಾಗಿ ಕಾದಿರಬೇಕು. ತುಂಡು ಹಾಕಿದ ಮೇಲೆ ಅಂಚು ಬಣ್ಣ ತಿರುಗಿ, ಮೇಲ್ಮೈಯಲ್ಲಿ ಕೊಬ್ಬು ಹೊಳೆಯಲು ಶುರುವಾದಾಗ ಮಗುಚಿ. ಇನ್ನೊಂದು ಬದಿಯೂ ಬಣ್ಣ ತಿರುಗಿದ ಮೇಲೆ ತೆಗೆಯಿರಿ. ತೆಳು ತುಂಡಾದರೆ ಎಲ್ಲ ಸೇರಿ ಒಂದು ನಿಮಿಷವೂ ಬೇಡ. ಮಾತಿನ ಮಧ್ಯೆ ಜಾಲರಿ ಮರೆತರೆ ಮುಗೀತು. ಬೆಂಕಿ ಎದ್ದರೆ ನೀರು ಹಾಕಬೇಡಿ. ಮಾಂಸ ಪಕ್ಕಕ್ಕೆ ಸರಿಸಿ, ಒಂದು ಐಸ್ ತುಂಡು ಜಾಲರಿ ಮೇಲೆ ಇಡಿ. ಕೇಳಿದರೆ ಅಂಗಡಿಯವರೇ ಐಸ್ ಕೊಡುತ್ತಾರೆ. ಜಾಲರಿ ಕಪ್ಪಾದರೆ ‘ಆಮಿ ಕೋಕನ್ ಒನೆಗಾಯ್‌ಶಿಮಸು’ ಅನ್ನಿ, ಹೊಸದು ಹಾಕುತ್ತಾರೆ. ಸಂಕೋಚ ಬೇಡ, ಎಲ್ಲರೂ ಕೇಳುತ್ತಾರೆ.

ಅರೆಬೆಂದ ಮಾಂಸದ ಭಯ ಇದೆ ಅಂದಿದ್ದೀರಿ. ಅದು ಸುಮ್ನೆ ಭಯ ಅಲ್ಲ. 2011ರಲ್ಲಿ ಇಲ್ಲಿ ಯಾಕಿನಿಕು ಅಂಗಡಿಗಳಲ್ಲಿ ಹಸಿ ಬೀಫ್ ತಿಂದು ಐದು ಜನ ತೀರಿಕೊಂಡರು. ಆಮೇಲೆ ನಿಯಮ ಬಿಗಿಯಾಯ್ತು. 2012ರ ಜುಲೈಯಿಂದ ದನದ ಹಸಿ ಲಿವರ್ ಬಡಿಸುವುದೇ ನಿಷೇಧ. ಕ್ರಿಮಿ ಹೆಚ್ಚಾಗಿ ಇರುವುದು ಮಾಂಸದ ಹೊರಮೈಯಲ್ಲಿ, ಆದ್ದರಿಂದ ಎರಡೂ ಬದಿಗೆ ಬಿಸಿ ತಾಗಲೇಬೇಕು. ಲಿವರ್, ಕರುಳು ಬಂದರೆ ಒಳಗಿನ ತನಕ ಪೂರ್ತಿ ಬೇಯಿಸಿ, ಅಲ್ಲಿ ಅವಸರ ಬೇಡ. ಹಸಿ ಮಾಂಸ ಹಿಡಿಯಲು ಚಿಮಟ ಕೊಟ್ಟಿರುತ್ತಾರೆ. ತಿನ್ನುವ ಚಾಪ್‌ಸ್ಟಿಕ್‌ನಿಂದ ಹಸಿ ಮಾಂಸ ಮುಟ್ಟಬೇಡಿ. ಇದೊಂದನ್ನು ಮಾತ್ರ ಮರೆಯಬೇಡಿ.

ಆರ್ಡರ್ ವಿಷಯಕ್ಕೆ ಬರೋಣ. ಮೊದಲು ದನದ ನಾಲಿಗೆ, ಅಂದರೆ ತಾನ್, ಉಪ್ಪು ಹಾಕಿದ್ದು. ನಿಂಬೆರಸ ಹಿಂಡಿ ತಿನ್ನಿ. ಜಾಲರಿ ಚೊಕ್ಕವಾಗಿರುವಾಗಲೇ ಉಪ್ಪಿನ ಮಾಂಸ ಮುಗಿಸಬೇಕು. ಮಿಸುಜಿ ಎರಡನೆಯದು, ಹಸಿವು ಇನ್ನೂ ಇರುವಾಗಲೇ. ಅದನ್ನು ತಾರೆಯಲ್ಲಿ ಮುಳುಗಿಸಬೇಡಿ. ತಾರೆ ಅಂದರೆ ಸೋಯಾ, ಬೆಳ್ಳುಳ್ಳಿ, ಎಳ್ಳು ಸೇರಿದ ಸಿಹಿ ಸಾಸ್. ಅದರ ಜೋರಿನ ಮುಂದೆ ಈ ಮಾಂಸದ ರುಚಿ ಕಳೆದು ಹೋಗುತ್ತದೆ. ಉಪ್ಪು, ಚೂರು ವಸಾಬಿ (ಮೂಗಿಗೆ ಹತ್ತುವ ಹಸಿರು ಖಾರ) ಸಾಕು. ಕೆಲವು ಕಡೆ ಅಗಲವಾದ ಮಿಸುಜಿ ತುಂಡನ್ನು ಸ್ವಲ್ಪವೇ ಸುಟ್ಟು ಹಸಿ ಮೊಟ್ಟೆಯ ಹಳದಿಯಲ್ಲಿ ಅದ್ದಿ ತಿನ್ನುತ್ತಾರೆ. ಬೇಡ ಅನಿಸಿದರೆ ಬಿಟ್ಟುಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕಾರುಬಿ (ಪಕ್ಕೆಲುಬಿನ ಮಾಂಸ), ಹರಾಮಿ (ಎದೆ-ಹೊಟ್ಟೆ ನಡುವಿನ ಪೊರೆಯ ಮಾಂಸ) ಆಮೇಲೆ, ತಾರೆ ಮತ್ತು ಅನ್ನದ ಜೊತೆ. ಒಂದು ತಟ್ಟೆ ಅಂದರೆ 100 ಗ್ರಾಂ ಆಸುಪಾಸು, ಕಮ್ಮಿ ಅನಿಸಬಹುದು. ಆದರೆ ನಾಲ್ಕು ಜನಕ್ಕೆ ಎರಡು ತಟ್ಟೆ ಮಿಸುಜಿ ತರಿಸಿ ನಿಲ್ಲಿಸಿ. ಕೊಬ್ಬಿನ ಮಾಂಸ, ಐದಾರು ತುಂಡಾದ ಮೇಲೆ ನಾಲಿಗೆಗೆ ರುಚಿ ಗೊತ್ತಾಗುವುದಿಲ್ಲ.

ಮೆನುವಿನಲ್ಲಿ ‘ಎ5’ ಅಂತ ಇದ್ದರೆ ಅದಕ್ಕೇ ಮರುಳಾಗಬೇಡಿ. ‘ಎ’ ಅನ್ನುವುದು ಒಂದು ದನದಿಂದ ಎಷ್ಟು ಮಾಂಸ ಸಿಕ್ಕಿತು ಅನ್ನುವುದರ ಲೆಕ್ಕ. ‘5’ ಅನ್ನುವುದು ಕೊಬ್ಬಿನ ಎಳೆ, ಬಣ್ಣ, ಬಿಗಿತ ಇವುಗಳ ದರ್ಜೆ. ನಿಮ್ಮ ನಾಲಿಗೆಗೆ 4 ಹೆಚ್ಚು ಹಿಡಿಸಬಹುದು, ನನಗೆ ಹಾಗೆಯೇ. ಗೋಡೆ ಮೇಲೆ ಹತ್ತು ಅಂಕಿಯ ನಂಬರ್ ಇದೆಯಾ ನೋಡಿ. 2001ರಲ್ಲಿ ಹುಚ್ಚು ದನದ ರೋಗ ಕಾಣಿಸಿಕೊಂಡ ಮೇಲೆ ಇಲ್ಲಿ ಪ್ರತಿ ದನಕ್ಕೂ ಒಂದು ನಂಬರ್ ಕೊಡುತ್ತಾರೆ. ಫೋನಿನಲ್ಲಿ ಹಾಕಿ ನೋಡಿದರೆ ಅದು ಯಾವಾಗ ಹುಟ್ಟಿತು, ಯಾವ ತಳಿ, ಎಲ್ಲಿ ಬೆಳೆಯಿತು ಅಂತ ಬರುತ್ತದೆ. ತಿನ್ನುವ ಮುಂಚೆ ನಾನು ಯಾವಾಗಲೂ ನೋಡುತ್ತೇನೆ.

ನಿಮ್ಮ ಸಸ್ಯಾಹಾರಿ ಗೆಳೆಯರ ಬಗ್ಗೆ ಇವತ್ತೇ ಅಂಗಡಿಗೆ ಫೋನ್ ಮಾಡಿಸಿ. ಕಿಮ್ಚಿಯಲ್ಲಿ, ಅಂದರೆ ಹುಳಿ ಬರಿಸಿದ ಖಾರದ ಎಲೆಕೋಸಿನಲ್ಲಿ, ಸಾಮಾನ್ಯವಾಗಿ ಮೀನು ಅಥವಾ ಸೀಗಡಿ ಇರುತ್ತದೆ. ಸೂಪಿಗೆ ಮಾಂಸದ ನೀರು, ತಾರೆಯಲ್ಲೂ ಏನಾದರೂ ಸೇರಿರಬಹುದು. ತರಕಾರಿ ಸುಡಲು ಬೇರೆ ಜಾಲರಿ, ಇಲ್ಲವೇ ಫಾಯಿಲ್‌ನಲ್ಲಿ ಸುತ್ತಿದ ಅಣಬೆ, ಬೆಳ್ಳುಳ್ಳಿ ಕೊಡಲಾಗುತ್ತದಾ ಅಂತ ಮೊದಲೇ ಕೇಳಿ. ಹೋದ ಮೇಲೆ ಕೇಳಿದರೆ ಬಡಿಸುವವರಿಗೂ ಕಷ್ಟ, ನಿಮ್ಮ ಗೆಳೆಯರೂ ಬರೀ ಅನ್ನ ತಿಂದು ಏಳಬೇಕಾಗುತ್ತದೆ.

ಒಳ್ಳೆ ಕೋಟು ಹಾಕಿಕೊಂಡು ಹೋಗಬೇಡಿ, ಹೊಗೆ ವಾಸನೆ ಎರಡು ದಿನ ಹೋಗುವುದಿಲ್ಲ. ಟಿಪ್ಸ್ ಕೊಡುವ ಪದ್ಧತಿ ಇಲ್ಲಿಲ್ಲ. ಕೊನೆಗೆ ರೇಮೆನ್ ತರಿಸಿ, ಐಸ್‌ನಷ್ಟು ತಣ್ಣನೆಯ ಸಾರಿನಲ್ಲಿ ಬರುವ ನೂಡಲ್ಸ್. ಅಷ್ಟೊಂದು ಮಾಂಸದ ಮೇಲೆ ಬಾಯಿ ತೊಳೆದ ಹಾಗಾಗುತ್ತದೆ. ಇಬ್ಬರಿಗೆ ಒಂದು ಬಟ್ಟಲು ಸಾಕು.