ಬೀದಿ ಚಿತ್ರಗಳು, ಆಟದ ಫೋಟೋಗಳು ನಿಮಗೆ ಯಾಕೆ ಇಷ್ಟ? ಮೊಬೈಲ್‌ನಲ್ಲಿ ನೋಡಿದರೆ ಸಾಲದೇ?

ಎರಡರಲ್ಲೂ ನಾನು ಮೊದಲು ನೋಡುವುದು ಜಾಗ. ಎಲ್ಲಿ ಕೂತು ತೆಗೆದರು, ಎಲ್ಲಿ ಬರೆದರು ಅನ್ನುವುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಕೈಚಳಕ ಆಮೇಲಿನ ಮಾತು.

1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್ ಊರಲ್ಲಿ ಮುಹಮ್ಮದ್ ಅಲಿಗೂ ಸನ್ನಿ ಲಿಸ್ಟನ್‌ಗೂ ಬಾಕ್ಸಿಂಗ್ ನಡೆಯಿತು. ಮೊದಲ ಸುತ್ತಿನಲ್ಲೇ ಲಿಸ್ಟನ್ ನೆಲಕ್ಕೆ ಬಿದ್ದ. ಅಲಿ ಬಲಗೈ ಮಡಚಿಕೊಂಡು, ಬಿದ್ದವನ ಮುಂದೆ ನಿಂತು ಅಬ್ಬರಿಸುತ್ತಿರುವ ಫೋಟೋ ನೀವೂ ನೋಡಿರುತ್ತೀರಿ. ತೆಗೆದವರು ನೀಲ್ ಲೈಫರ್, ಆಗ ಅವರಿಗೆ 22 ವರ್ಷ. ಇನ್ನೊಮ್ಮೆ ನೋಡುವಾಗ ಅಲಿಯ ಎರಡು ಕಾಲುಗಳ ಸಂದಿಯಲ್ಲಿ ನೋಡಿ. ರಿಂಗ್‌ನ ಆಚೆ ಬದಿಯಲ್ಲಿ ಬೋಳು ತಲೆಯ ಒಬ್ಬ ಫೋಟೋಗ್ರಾಫರ್ ಇದ್ದಾರೆ. ಅವರು ಹರ್ಬ್ ಶಾರ್ಫ್‌ಮನ್. ಇಬ್ಬರೂ ಬಂದಿದ್ದು ಒಂದೇ ಪತ್ರಿಕೆಗಾಗಿ. ಶಾರ್ಫ್‌ಮನ್ ಅನುಭವದಲ್ಲಿ ಹಿರಿಯರು. ಆದರೆ ಆ ಕ್ಷಣದಲ್ಲಿ ಅವರಿಗೆ ಕಂಡಿದ್ದು ಅಲಿಯ ಬೆನ್ನು. ನನ್ನ ಕಣ್ಣು ಅಲಿಗಿಂತ ಜಾಸ್ತಿ ಹೊತ್ತು ಅವರ ಮೇಲೇ ನಿಲ್ಲುತ್ತದೆ. ಕರುಳು ಚುರುಕ್ ಅನ್ನುತ್ತದೆ.

ನಮ್ಮ ಹಾಸನದ ಕಡೆ ಹೊನಲು ಬೆಳಕಿನ ಕಬಡ್ಡಿ ನಡೆದಾಗಲೂ ಇದೇ ಕಥೆ. ಹಿಂದಿನ ಗೆರೆಯ ಆಚೆ ಕೂತರೆ ರೈಡರ್‌ನ ಮುಖ ನೇರ ಸಿಗುತ್ತದೆ, ಆದರೆ ಹಿಡಿಯುವವರ ಬೆನ್ನುಗಳು ಅಡ್ಡ ಬರುತ್ತವೆ. ನಾನು ಕೂರುವುದು ನಡುಗೆರೆಯ ಪಕ್ಕ. ಕಾಲು ಹಿಡಿದುಕೊಂಡು ಮೂರ್ನಾಲ್ಕು ಜನ ಮೇಲೆ ಬಿದ್ದಿರುತ್ತಾರೆ. ರೈಡರ್ ಬೋರಲು ಬಿದ್ದು ಕೈ ಚಾಚಿರುತ್ತಾನೆ. ಬೆರಳಿಗೂ ಗೆರೆಗೂ ಮಧ್ಯೆ ಒಂದು ಗೇಣು ಮಣ್ಣು, ಅಷ್ಟೇ. ಅವನ ಉಗುರೊಳಗೆ ಸೇರಿದ ಮಣ್ಣೂ ಕಾಣುವಂಥ ಫೋಟೋ ಸಿಕ್ಕರೆ, ಕಪ್ ಎತ್ತಿ ಹಿಡಿದ ಫೋಟೋ ಯಾರಿಗೆ ಬೇಕು? ಬೆಳಕು ಕಮ್ಮಿಯಾಗಿ ಚಿತ್ರ ಸ್ವಲ್ಪ ಅಲುಗಿದ್ದರೂ ನನಗೆ ಅಡ್ಡಿಯಿಲ್ಲ.

ಇನ್ನು ಬೀದಿ ಚಿತ್ರ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆಯ ಬೊಂಬೆ ತಂದು ಬಿಟ್ಟಿದ್ದು ನೆನಪಿದೆಯಾ? ಆ ಮೊಸಳೆಯನ್ನೇ ಗ್ಯಾಲರಿಯಲ್ಲಿ ಇಟ್ಟಿದ್ದರೆ ಜನ ಚೆನ್ನಾಗಿದೆ ಅಂದು ಮುಂದೆ ಹೋಗುತ್ತಿದ್ದರು. ಬೈದುಕೊಂಡು ಗಾಡಿ ತಿರುಗಿಸುವ ಜಾಗದಲ್ಲೇ ಅದು ಮಲಗಿತ್ತು ನೋಡಿ, ಊರೆಲ್ಲ ಸುದ್ದಿಯಾಯಿತು. ಆಮೇಲೆ ಗುಂಡಿಯೂ ಮುಚ್ಚಿತು.

ಸಕಲೇಶಪುರದ ಕಡೆ ಕಾಂಪೌಂಡ್ ಗೋಡೆಗಳ ಮೇಲೆ ಚಿತ್ರ ಬರೆದರೆ ಮಳೆಗಾಲವೂ ಅದರಲ್ಲಿ ಕೈಯಾಡಿಸುತ್ತದೆ. ನೆಲಕ್ಕೆ ಬಿದ್ದ ನೀರು ಎಷ್ಟು ಎತ್ತರಕ್ಕೆ ಸಿಡಿಯುತ್ತದೋ ಅಲ್ಲಿಯವರೆಗೆ ಪಾಚಿ. ಆನೆ ಬರೆದಿದ್ದರೆ ಮೊದಲು ಹಸಿರಾಗುವುದು ಅದರ ಪಾದ. ಅದನ್ನು ಕೆರೆದು ಮತ್ತೆ ಬಣ್ಣ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ. ಆ ಪಾಚಿಯೂ ಆ ಊರಿನದೇ ಅಲ್ವಾ?

ಮೊಬೈಲ್ ಬಗ್ಗೆ ಕೇಳಿದ್ದೀರಿ. ಆಟದ ಫೋಟೋಗೆ ಮೊಬೈಲ್ ಸಾಕು, ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಗೋಡೆಯ ಮೇಲಿರುವುದಕ್ಕೆ ಸಾಲದು. ಬೇಲೂರಿನ ಮದನಿಕೆಯರನ್ನೇ ತೆಗೆದುಕೊಳ್ಳಿ. 1117ರ ಆ ದೇವಸ್ಥಾನದಲ್ಲಿ ಅವರು ಸೂರಿನ ಕೆಳಗೆ ಮುಂದಕ್ಕೆ ವಾಲಿಕೊಂಡಿದ್ದಾರೆ. ಕೆಳಗೆ ನಿಂತು ತಲೆ ಎತ್ತಿದರೆ ಮುಖ ಸೀದಾ ನಿಮ್ಮ ಕಡೆಗೇ ಇರುತ್ತದೆ. ಫೋಟೋದಲ್ಲಿ ಆ ವಾಲಿಕೆಯೇ ಗೊತ್ತಾಗುವುದಿಲ್ಲ. ಬರುವುದಾದರೆ ಬೆಳಿಗ್ಗೆ ಬೇಗ ಬನ್ನಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನದ ಹೊತ್ತಿಗೆ ಅಂಗಳದ ಕಲ್ಲು ಕಾದಿರುತ್ತದೆ.