ಖಾಲಿ ಬಿಟ್ಟ ಉತ್ತರಗಳು ಮತ್ತು ಪಾಪದ ಭಯ

ಕ್ಯಾಥೊಲಿಕ್ ಶಾಲೆಲಿ ಕೌನ್ಸೆಲಿಂಗ್ ಮಾಡೋರ ಹತ್ರ, ಏನು ಮಾಡಿದ್ರೂ ಪಾಪ ಆಯ್ತೇನೋ ಅಂತ ಹೆದರೋ ಮಕ್ಕಳು ಬರ್ತಾನೇ ಇರ್ತಾರೆ, ಆದ್ರೆ 'ಸ್ಲೋ', 'ಗಮನ ಇಲ್ಲ', 'ಪರೀಕ್ಷೆ ಭಯ' ಅಂತ ಬೇರೆ ಬೇರೆ ಹೆಸರಲ್ಲಿ ಬರ್ತಾರೆ. ಅದಕ್ಕೇ ಇದನ್ನ ಬರೀತಿದೀನಿ. ಗುರುತು ಸಿಗಬಾರದು ಅಂತ ವಿವರ ಬದಲಾಯಿಸಿದೀನಿ. ಹೈಸ್ಕೂಲ್ ಹುಡುಗಿ, ಚೆನ್ನಾಗಿ ಓದ್ತಿದ್ದೋಳು, ಈಗ ಪೇಪರಲ್ಲಿ ಅರ್ಧಕ್ಕರ್ಧ ಖಾಲಿ. ಬಿಡುವು ಸಿಕ್ಕಿದ್ರೆ ಚಾಪೆಲ್‌ನಲ್ಲಿ ಇರ್ತಾಳೆ, ಅದನ್ನ ಎಲ್ಲರೂ ಒಳ್ಳೆ ಗುಣ ಅಂತಲೇ ಅಂದ್ಕೊಂಡಿದ್ರು.

ಒಂದಿನ ಅವಳ ಉತ್ತರಪತ್ರಿಕೆ ಮುಂದಿಟ್ಕೊಂಡು, ಖಾಲಿ ಬಿಟ್ಟಿದ್ದ ಒಂದು ಪ್ರಶ್ನೆ ತೋರಿಸಿ ಇದು ಗೊತ್ತಿತ್ತಾ ಅಂತ ಕೇಳ್ದೆ. ಬಾಯಲ್ಲಿ ಸರಿಯಾಗೇ ಹೇಳಿದ್ಳು. ಮತ್ಯಾಕಮ್ಮ ಬರೀಲಿಲ್ಲ ಅಂದ್ರೆ ತುಂಬ ಹೊತ್ತು ಸುಮ್ನಿದ್ದು, "ಮಿಸ್, ಪಕ್ಕಾ ಗೊತ್ತಿಲ್ದೆ ಬರೆದ್ರೆ ಸುಳ್ಳು ಹೇಳಿದ ಹಾಗಲ್ವಾ? ಅದಕ್ಕೆ ಮಾರ್ಕ್ಸ್ ಬಂದ್ರೆ ಕದ್ದ ಹಾಗೆ" ಅಂದ್ಳು. ಆಮೇಲೆ ಒಂದೊಂದಾಗಿ ಎಲ್ಲಾ ಬಂತು, ಜಪಸರ ಮಾಡುವಾಗ ಮನಸ್ಸು ಆಚೀಚೆ ಹೋದ್ರೆ ಮೊದಲಿಂದ ಶುರು ಮಾಡ್ಬೇಕು, ಪಾಪನಿವೇದನೆ (ಫಾದರ್ ಹತ್ರ ಪಾಪ ಒಪ್ಪಿಕೊಳ್ಳೋದು) ಮಾಡಿ ಬಂದ್ಮೇಲೂ ಏನೋ ಬಿಟ್ಟೆ ಅಂತ ಅದನ್ನೇ ಮತ್ತೆ ಹೋಗಿ ಹೇಳ್ಬೇಕು, ಪೂಜೆಲಿ ಕೊಡೋ ಪರಮಪ್ರಸಾದ ತಗೊಳ್ಳೋಕೇ ಹೆದರಿಕೆ, ರಾತ್ರಿ ಅಮ್ಮನ ಹತ್ರ "ಇದು ಪಾಪನಾ" ಅಂತ ಕೇಳೋದು, ಅಮ್ಮ ಇಲ್ಲ ಕಣೇ ಅಂದ್ರೆ ಸ್ವಲ್ಪ ಹೊತ್ತು ಸಮಾಧಾನ, ಮತ್ತೆ ಅದೇ. ಕೊನೆಗೆ ನನ್ನನ್ನೇ ಕೇಳಿದ್ಳು, "ನೀವಾದ್ರೂ ಹೇಳಿ ಮಿಸ್, ಪಾಪನಾ ಅಲ್ವಾ?"

ನಾನು ಉತ್ತರ ಕೊಡ್ಲಿಲ್ಲ. "ನಾನು ಅಲ್ಲ ಅಂದ್ರೆ ಎಷ್ಟು ಹೊತ್ತು ತಡೀತದೆ?" ಅಂತ ಕೇಳ್ದೆ. ಅವಳೇ ಹೇಳಿದ್ಳು, "ಮನೆ ಮುಟ್ಟೋ ತನಕ."

ಮಗು ಅಳ್ತಿರುವಾಗ ಒಂದು ಮಾತು ಹೇಳೋಕೆ ಏನಾಗಿತ್ತು ಅಂತ ಒಬ್ಬ ಟೀಚರ್ ನನ್ನ ಮೇಲೆ ಬೇಜಾರು ಮಾಡ್ಕೊಂಡ್ರು. ಆದ್ರೆ ಇದು ಓಸಿಡಿಯ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಮಾಡಿದ್ದನ್ನೇ ಮಾಡಿಸೋ ಮನಸ್ಸಿನ ಕಾಯಿಲೆ) ಒಂದು ರೂಪ, ಪಾಪದ ಬಗ್ಗೆ ಅತಿಯಾದ ಈ ಸಂಶಯಕ್ಕೆ ಸ್ಕ್ರುಪ್ಯುಲಾಸಿಟಿ ಅಂತಾರೆ. ಇದರಲ್ಲಿ ಪ್ರತಿ ಸಲ ಕೊಡೋ ಭರವಸೆ ತುರಿಸಿದಷ್ಟೂ ಹೆಚ್ಚಾಗೋ ಕಜ್ಜಿ ಥರ, ಮುಂದಿನ ಸಂಶಯಕ್ಕೆ ದಾರಿ ಮಾಡಿಕೊಡ್ತದೆ. ಸಂಶಯ ಇದ್ದೂ ಮುಂದೆ ಹೋಗೋದನ್ನ ಮೆಲ್ಲಮೆಲ್ಲಗೆ ಅಭ್ಯಾಸ ಮಾಡಿಸೋ ಥೆರಪಿ ಇದೆ, ಬೇಕಾದ್ರೆ ಔಷಧಿನೂ ಇದೆ. ಸಾಯೋ ಯೋಚನೆ ಬರ್ತದಾ ಅಂತ ನೇರವಾಗೇ ಕೇಳ್ದೆ, ಇಲ್ಲ ಅಂದ್ಳು. ಮನೆಯವರ ಹತ್ರ ಮಾತಾಡಿ ಮನೋವೈದ್ಯರ ಹತ್ರ ಕಳಿಸ್ದೆ.

ಇನ್ನು ಕೆಲವರು, ಚರ್ಚು ಪಾಪನಿವೇದನೆ ಎಲ್ಲಾ ಬಿಡಿಸಿಬಿಡಿ, ಅದೇ ಕಾರಣ ಅಂದ್ರು. ಅದನ್ನ ನಾನು ಒಪ್ಪಲ್ಲ. ಕಾಯಿಲೆ ದೇವರ ಮೇಲಿನ ಅವಳ ವಿಶ್ವಾಸವನ್ನ ಹಿಡ್ಕೊಂಡಿದೆ, ನಾವು ಅದನ್ನೇ ಕಿತ್ಕೊಂಡ್ರೆ ಅವಳಿಗೆ ಉಳಿಯೋದೇನು? ಧರ್ಮಸಭೆಗೂ, ಅಂದ್ರೆ ಕ್ಯಾಥೊಲಿಕ್ ಚರ್ಚಿಗೂ, ಇದು ಹೊಸದಲ್ಲ. ಜೆಸುಯಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಹಳೇ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ, ಪ್ರಾಣ ಕಳ್ಕೊಳ್ಳೋ ಯೋಚನೆ ತನಕ ಹೋಗಿದ್ರು. ಮಾರಕ ಪಾಪ, ಅಂದ್ರೆ ದೇವರಿಂದ ದೂರ ಮಾಡೋ ದೊಡ್ಡ ಪಾಪ, ಆಗ್ಬೇಕಾದ್ರೆ ವಿಷಯ ಗಂಭೀರ ಇರ್ಬೇಕು, ಪೂರ್ತಿ ತಿಳುವಳಿಕೆ ಇರ್ಬೇಕು, ಮನಸಾರೆ ಒಪ್ಪಿ ಮಾಡಿರ್ಬೇಕು ಅಂತ ಚರ್ಚಿನ ಬೋಧನೆಯ ಪುಸ್ತಕ ಧರ್ಮೋಪದೇಶದಲ್ಲೇ ಇದೆ. ಆದ್ರೆ ಇದನ್ನ ಅವಳಿಗೆ ವಿವರಿಸೋಕೆ ನಾನು ಹೋಗ್ಲಿಲ್ಲ, ವಿವರಿಸಿದ್ರೆ ಒಂದೊಂದನ್ನೂ ಹಿಡ್ಕೊಂಡು ತೂಗ್ತಾ ಕೂರ್ತಾಳೆ.

ನಾನು ಹೇಳಿದ್ದು ಇಷ್ಟು: ಯಾವಾಗ್ಲೂ ಒಬ್ಬರೇ ಫಾದರ್ ಹತ್ರ ಹೋಗು, ಹೀಗಾಗ್ತಿದೆ ಅಂತ ನೀನೇ ಅವರಿಗೆ ಹೇಳು, ಅವರು ಮತ್ತೆ ಹೇಳೋದು ಬೇಡ ಅಂದ್ರೆ ಬೇಡ. ಅಲ್ಲಿ ಏನು ಮಾತಾಯ್ತು ಅಂತ ನಾನು ಕೇಳ್ಲಿಲ್ಲ, ಕೇಳೋ ಹಾಗೂ ಇಲ್ಲ. ಪಾಪನಿವೇದನೆಯ ಗುಟ್ಟನ್ನ ಫಾದರ್ ಯಾರಿಗೂ ಬಿಟ್ಟುಕೊಡಬಾರದು, ಅದು ಚರ್ಚಿನ ಕಾನೂನಿನ 983ನೇ ಕ್ಯಾನನ್ (ವಿಧಿ). ಹೇಳಿದ್ದು ಹೊರಗೆ ಹೋಗಲ್ಲ ಅನ್ನೋ ಧೈರ್ಯ ಮಗುವಿಗೂ ಬೇಕು. ಇನ್ನು ಪರೀಕ್ಷೆಗೆ ಅಭ್ಯಾಸ ಅಂದ್ರೆ, ಸಂಶಯ ಇರೋ ಉತ್ತರ ಬರೆದು ಅಳಿಸದೆ ಬಿಡೋದು, ಮೊದಲು ಮಾರ್ಕ್ಸ್ ಇಲ್ಲದ ಟೆಸ್ಟಲ್ಲಿ ಒಂದು, ಆಮೇಲೆ ಎರಡು. ಟೀಚರ್‌ಗಳಿಗೆ, ಖಾಲಿ ಪೇಪರ್ ಕಂಡ್ರೆ ಬಯ್ಯೋ ಮುಂಚೆ ಬಾಯಲ್ಲಿ ಕೇಳಿ ನೋಡಿ ಅಂದೆ. ಅತಿಯಾಗಿ ಪ್ರಾರ್ಥನೆ ಮಾಡೋ ಮಗುವನ್ನ ಹೊಗಳೋ ಮುಂಚೆನೂ ಒಮ್ಮೆ, ಇದರಿಂದ ನಿಂಗೆ ಸಮಾಧಾನ ಸಿಗ್ತಿದ್ಯಾ ಅಂತ ಕೇಳಿ.

ಥೆರಪಿ ನಡೀತಿದೆ. ಕಷ್ಟ ಆಗ್ತಿರೋದು ಅಮ್ಮನಿಗೆ. "ಪಾಪ ಅಲ್ಲ" ಅನ್ನೋ ಬದಲು "ಇದು ಆ ಸಂಶಯ ಕೇಳಿಸ್ತಿರೋ ಪ್ರಶ್ನೆ, ನಾನು ಉತ್ತರ ಹೇಳಲ್ಲ, ಇಲ್ಲೇ ನಿನ್ನ ಪಕ್ಕ ಕೂತಿರ್ತೀನಿ" ಅನ್ನೋದನ್ನ ಅವರು ಇನ್ನೂ ಕಲೀತಿದಾರೆ.