ಒಂಬತ್ತು ವರ ಬಿಡಿ, ದೊಡ್ಡವ್ವನ ಬಗ್ಗೆ ಬರೆಯಿರಿ

ಪ್ರಿಯ ಸಹೋದರಿ,

ವಂದನೆಗಳು. ಭಾಲ್ಕಿಯಿಂದ ನೀವು ಕಳಿಸಿದ ‘ಆತ್ಮಿಕ ವರಗಳು ಮತ್ತು ಸಭೆಯ ಭಕ್ತಿವೃದ್ಧಿ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ, ನೀವೇ ಅದನ್ನು ಗಮನಿಸಿಲ್ಲ ಅಷ್ಟೇ.

ಎಂಟು ಪುಟಗಳಲ್ಲಿ ಆರು ಪುಟ 1 ಕೊರಿಂಥ 12ರ, ಅಂದರೆ ಬೈಬಲಿನಲ್ಲಿ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯ 12ನೇ ಅಧ್ಯಾಯದ, ಒಂಬತ್ತು ವರಗಳ (ಪವಿತ್ರಾತ್ಮ ಕೊಡುವ ಸಾಮರ್ಥ್ಯಗಳ) ವಿವರಣೆಗೇ ಹೋಗಿದೆ. ನಮ್ಮ ಓದುಗರು ಇದನ್ನು ಚರ್ಚಿನ ಪ್ರಸಂಗಗಳಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಾರೆ. ಅದೂ ಹೋಗಲಿ, ‘ವರಗಳು ಒಂಬತ್ತೇ’ ಎಂದು ಬರೆದದ್ದು ತಪ್ಪು. ನೀವು 10ನೇ ವಚನಕ್ಕೇ ನಿಂತುಬಿಟ್ಟಿರಿ. ಅದೇ ಅಧ್ಯಾಯದ 28ನೇ ವಚನ ನೋಡಿ. ರೋಗ ವಾಸಿಮಾಡುವವರ ಪಕ್ಕದಲ್ಲೇ ಪೌಲ ಸಹಾಯ ಮಾಡುವವರನ್ನೂ ಕೆಲಸ ನಿಭಾಯಿಸುವವರನ್ನೂ ಕೂರಿಸಿದ್ದಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಂತೂ ಪಟ್ಟಿಯೇ ಬೇರೆ. ಅಲ್ಲಿ ದಾನ ಕೊಡುವುದೂ ವರ, ಕರುಣೆ ತೋರಿಸುವುದೂ ವರ.

ಇನ್ನು ‘ಭಕ್ತಿವೃದ್ಧಿ’. ಪ್ರತಿ ಪುಟದಲ್ಲೂ ಮೂರು ನಾಲ್ಕು ಸಲ ಇದೆ, ಒಮ್ಮೆಯೂ ಅರ್ಥ ಬಿಡಿಸಿಲ್ಲ. ಗ್ರೀಕ್ ಮೂಲದಲ್ಲಿ ಆ ಮಾತು ಮನೆ ಕಟ್ಟುವ ಕೆಲಸಕ್ಕೆ ಸೇರಿದ್ದು. ಜೊತೆಗಿಟ್ಟ ಚೀಟಿಯಲ್ಲಿ ನಿಮ್ಮ ಅಪ್ಪ ಗೌಂಡಿ ಎಂದು ಬರೆದಿದ್ದೀರಿ. ಗೋಡೆ ಬಗ್ಗೆ ಅವರನ್ನು ಕೇಳಿ. ದೊಡ್ಡ ಕಲ್ಲುಗಳ ಸಂದಿಗೆ ಸಣ್ಣ ಚೂರು ಯಾಕೆ ಬಡಿಯುತ್ತಾರೆ, ಬಡಿಯದಿದ್ದರೆ ಏನಾಗುತ್ತದೆ ಎಂದು ಅವರು ಹೇಳುವುದನ್ನು ಹಾಗೇ ಬರೆದುಕೊಳ್ಳಿ. ಆ ನಾಲ್ಕು ಸಾಲು ನಿಮ್ಮ ಆರು ಪುಟಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ.

ಈಗ ಐದನೇ ಪುಟಕ್ಕೆ ಬರೋಣ. ‘ನಮ್ಮ ದೊಡ್ಡವ್ವಗೆ ಓದಲು ಬರುವುದಿಲ್ಲ, ಆದರೆ ಭಾನುವಾರ ಯಾರು ಬಂದಿಲ್ಲ ಎಂಬುದು ಆಕೆಗೆ ಗೊತ್ತು’ ಎಂದು ಬರೆದಿದ್ದೀರಿ. ನಾನು ಅಲ್ಲೇ ನಿಂತೆ. ನೀವು ನಿಲ್ಲಲಿಲ್ಲ, ಮುಂದಿನ ಸಾಲಿಗೇ ಪ್ರವಾದನೆಗೆ, ದೇವರ ಸಂದೇಶ ನುಡಿಯುವ ವರಕ್ಕೆ, ಹಾರಿದಿರಿ!

ಆಕೆ ಜಮಖಾನದ ಮೇಲೆ ಎಲ್ಲಿ ಕೂರುತ್ತಾರೆ? ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದವರು ತಲೆ ಎಣಿಸುವುದು ಯಾವಾಗ? ಬಾರದವರು ತೊಗರಿ ರಾಶಿಗೆ ಹೋಗಿದ್ದಾರೋ, ದುಡಿಯಲು ಹೈದರಾಬಾದಿಗೆ ಹೋಗಿದ್ದಾರೋ, ಜ್ವರ ಬಂದು ಮಲಗಿದ್ದಾರೋ, ಇಲ್ಲಾ ಯಾರದೋ ಮಾತಿಗೆ ಮುನಿಸಿಕೊಂಡು ಸುಮ್ನೆ ಮನೆಯಲ್ಲಿದ್ದಾರೋ, ಇದು ಆಕೆಗೆ ಹೇಗೆ ತಿಳಿಯುತ್ತದೆ? ಸೋಮವಾರ ಅವರ ಬಾಗಿಲಿಗೆ ಹೋಗುವಾಗ ಕೈಯಲ್ಲಿ ಏನಿರುತ್ತದೆ? ನೀವು ಆಕೆಯ ಬಾಯಲ್ಲಿ ‘ಸಹೋದರಿಯೇ, ಆರಾಧನೆಗೆ ಏಕೆ ಗೈರುಹಾಜರಾದೆ?’ ಎಂದು ಹೇಳಿಸಿದ್ದೀರಿ. ಬೀದರ್ ಜಿಲ್ಲೆಯಲ್ಲಿ ಯಾವ ದೊಡ್ಡವ್ವ ಹೀಗೆ ಮಾತಾಡುತ್ತಾರೆ? ‘ಯಾಕವ್ವಾ, ನಿನ್ನಿ ಕಾಣ್ಲೇ ಇಲ್ಲ?’ ಅಂದಿರುತ್ತಾರೆ, ಅಲ್ವಾ? ಹಾಗೇ ಬರೆಯಿರಿ. ಆಮೇಲೆ 28ನೇ ವಚನ ತಂದು ಪಕ್ಕದಲ್ಲಿಡಿ, ಸಾಕು.

ಕೊನೆಯ ಪುಟದಲ್ಲಿ ಪಕ್ಕದ ಓಣಿಯ ಸಭೆಯವರು ಅನ್ಯಭಾಷೆಯಲ್ಲಿ, ಅಂದರೆ ಆತ್ಮಪ್ರೇರಣೆಯಿಂದ ಬರುವ, ಕೇಳುವವರಿಗೆ ಅರ್ಥವಾಗದ ಮಾತಿನಲ್ಲಿ, ಕೂಗುತ್ತಾರೆಂದು ಬೈದಿದ್ದೀರಿ. ಅದನ್ನು ತೆಗೆಯಿರಿ. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಿ ಎಂದ ಪೌಲನೇ, ಕೊರಿಂಥದವರಿಗೆ ಬರೆದ ಆ ಪತ್ರಿಕೆಯ ಅದೇ 14ನೇ ಅಧ್ಯಾಯದ ಕೊನೆಗೆ, ಅನ್ಯಭಾಷೆಯನ್ನು ತಡೆಯಬೇಡಿ ಎಂದೂ ಹೇಳಿದ್ದಾನೆ. ನೀವು ಅರ್ಧ ಮಾತ್ರ ಎತ್ತಿಕೊಂಡಿದ್ದೀರಿ.

ಎರಡು ಪುಟ ಸಾಕು. ಕೈಬರಹದಲ್ಲೇ ಕಳಿಸಿ, ಟೈಪ್ ನಾವು ಮಾಡಿಸುತ್ತೇವೆ. ಕಳಿಸುವ ಮುಂಚೆ ದೊಡ್ಡವ್ವನ ಮುಂದೆ ಕೂತು ಗಟ್ಟಿಯಾಗಿ ಓದಿ. ಆಕೆ ಬೇಡ ಅಂದದ್ದನ್ನು ಹೊಡೆದುಹಾಕಿ.

ನಿಮ್ಮ,
ಸಂಪಾದಕ